ಕೆಳಗೆ ಕೂರಲು ಆಗದವರಿಗೆ ಬೇರೆ ಬ್ಯಾಚ್ ಮಾಡಬೇಕಾ?

ಕುವೆಂಪುನಗರ ಟೀಚರ್:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಾಲ್ಕು ವರ್ಷದಿಂದ ಯೋಗ ಹೇಳಿಕೊಡುತ್ತಿದ್ದೇನೆ. ಬಡಾವಣೆಯ ಸಮುದಾಯ ಭವನ, ಬೆಳಿಗ್ಗೆ 6ರಿಂದ 7, ಹದಿನೆಂಟು ಇಪ್ಪತ್ತು ಜನ. ಎಲ್ಲರಿಗೂ ಒಂದೇ ಪಾಠ. ಸೂರ್ಯನಮಸ್ಕಾರದಿಂದ ಶುರು, ಶವಾಸನದಲ್ಲಿ ಮುಕ್ತಾಯ. ಇಷ್ಟು ದಿನ ಹೇಗೋ ನಡೆದುಕೊಂಡು ಹೋಗುತ್ತಿತ್ತು.

ದಸರಾ ಮುಗಿದ ಮೇಲೆ ಐದು ಜನ ಹೊಸಬರು ಸೇರಿದರು. ಒಬ್ಬ ಅಮ್ಮನಿಗೆ ಒಂದು ಮಂಡಿ ಬದಲಾಯಿಸಿದ್ದಾರೆ, ಇನ್ನೊಂದು ಆಪರೇಷನ್ನಿಗೆ ಕಾಯುತ್ತಿದೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಬಿಪಿ ಇದೆ, ಕಣ್ಣಿಗೆ ಗ್ಲಾಕೋಮಾ. ಒಬ್ಬರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಹಾಕುತ್ತಾರೆ. ಒಬ್ಬ ಹದಿನಾಲ್ಕರ ಹುಡುಗ, ಡೌನ್ ಸಿಂಡ್ರೋಮ್, ಅಮ್ಮನ ಕೈ ಹಿಡಿದುಕೊಂಡು ಬರುತ್ತಾನೆ, ಬಂದ ತಕ್ಷಣ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುತ್ತಾನೆ. ಐದನೆಯವಳು ಇಪ್ಪತ್ತಾರರ ಹುಡುಗಿ, ಮೈ ತೂಕ ಜಾಸ್ತಿ.

ಅವಳ ವಿಷಯದಲ್ಲಿ ತಪ್ಪು ನನ್ನದೇ. ಎರಡನೇ ದಿನ ಪಶ್ಚಿಮೋತ್ತಾನಾಸನದಲ್ಲಿ (ಕಾಲು ಚಾಚಿ ಕೂತು ಮುಂದೆ ಬಗ್ಗುವುದು) ಬಗ್ಗಲು ಆಗದೆ ಅವಳು ಒದ್ದಾಡುತ್ತಿದ್ದಾಗ ನಾನು ಎಲ್ಲರ ಎದುರಿಗೆ ‘ಸ್ವಲ್ಪ ತೂಕ ಇಳಿದರೆ ತಾನಾಗಿಯೇ ಬರುತ್ತೆ ಬಿಡಮ್ಮ’ ಅಂದುಬಿಟ್ಟೆ. ಧೈರ್ಯ ಹೇಳೋಣ ಅಂತಲೇ ಅಂದಿದ್ದು. ಮಾರನೇ ದಿನದಿಂದ ಅವಳು ಬಂದಿಲ್ಲ. ಮ್ಯಾಟ್ ಇನ್ನೂ ಭವನದ ಮೂಲೆಯಲ್ಲಿದೆ.

ಉಳಿದ ನಾಲ್ವರು ಬರುತ್ತಿದ್ದಾರೆ. ಆದರೆ ಅರ್ಧ ಹೊತ್ತು ಸುಮ್ನೆ ಕೂತು ನೋಡುತ್ತಾರೆ. ಅವರ ಕಡೆ ಹೋದರೆ ಹಳಬರು ‘ಕ್ಲಾಸ್ ಸ್ಲೋ ಆಯ್ತು ಮೇಡಂ’ ಅನ್ನುತ್ತಾರೆ. ಇವರಿಗೆಲ್ಲ ಬೇರೆ ಬ್ಯಾಚ್ ಮಾಡುವುದು ಒಳ್ಳೆಯದಾ? ನನ್ನ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಮಂಡ್ಯ ಹೈದ:

ಅಕ್ಕಾ, ಬೇರೆ ಬ್ಯಾಚ್ ಬೇಡ. ಮಾಡಿ ಕೈ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ನಾನು ಮಂಡ್ಯದ ಸುಭಾಷ್ ನಗರದಲ್ಲಿ ಹೇಳಿಕೊಡುವುದು. ಮೂರು ವರ್ಷದ ಹಿಂದೆ ಮಂಡಿ ನೋವು, ಬೆನ್ನು ನೋವು, ಪಾರ್ಶ್ವವಾಯು ಆಗಿ ಚೇತರಿಸಿಕೊಂಡವರು, ಎಲ್ಲರನ್ನೂ ಸೇರಿಸಿ 11 ಗಂಟೆಗೆ ಒಂದು ಬ್ಯಾಚ್ ಇಟ್ಟೆ. ಮೂರನೇ ವಾರಕ್ಕೆ ಇಬ್ಬರು ಉಳಿದರು. ಏನಾಯ್ತು ಅಂತ ಒಬ್ಬರ ಮನೆಗೇ ಹೋಗಿ ಕೇಳಿದೆ. ‘ಬೀದೀಲಿ ಅದಕ್ಕೆ ಕುಂಟರ ಬ್ಯಾಚು ಅಂತ ಹೆಸರು ಬಿದ್ದದೆ ಕಣಪ್ಪ, ಯಾರು ಬತ್ತಾರೆ’ ಅಂದರು. ಅವತ್ತೇ ಮುಚ್ಚಿದೆ.

ಈಗ ನಾನು ಮಾಡುವುದು ಇಷ್ಟು. ಮೊದಲ ಹದಿನೈದು ನಿಮಿಷ ಎಲ್ಲರೂ ಕುರ್ಚಿ ಮೇಲೆ. ಇಪ್ಪತ್ತರ ಹುಡುಗನೂ ಕುರ್ಚಿ ಮೇಲೆಯೇ. ಹಾಗಾಗಿ ಕುರ್ಚಿ ಅಂದರೆ ಆಗದವರದ್ದು ಅನ್ನುವ ಮಾತೇ ಬರುವುದಿಲ್ಲ. ಕೂತಲ್ಲೇ ಕೈ ಮೇಲೆತ್ತಿ ಉಸಿರು ತೆಗೆದುಕೊಳ್ಳುವುದು, ಉಸಿರು ಬಿಡುತ್ತಾ ಸೊಂಟದಿಂದ ಮುಂದೆ ಬಗ್ಗಿ ಕೈ ತೊಡೆ ಮೇಲೋ ಮುಂದಿನ ಕುರ್ಚಿ ಮೇಲೋ ಇಡುವುದು, ಒಂದು ಕಾಲು ಹಿಂದಕ್ಕೆ ಜಾರಿಸಿ ಎದೆ ಅಗಲಿಸುವುದು. ಇದೂ ಸೂರ್ಯನಮಸ್ಕಾರವೇ. ನಂಬಿಕೆ ಇಲ್ಲದಿದ್ದರೆ ನೀವೇ ಹನ್ನೆರಡು ಸುತ್ತು ಮಾಡಿ ನೋಡಿ, ಬೆವರು ಬರುತ್ತದೋ ಇಲ್ಲವೋ.

ಪ್ರತಿ ಆಸನಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮಾಡುವ ಕೆಲಸ ಏನು? ಪಶ್ಚಿಮೋತ್ತಾನಾಸನದ ಕೆಲಸ ಬೆನ್ನಿನ ಬದಿ ಎಳೆಯುವುದು. ಕಾಲ್ಬೆರಳು ಹಿಡಿಯುವುದಲ್ಲ. ಹೊಟ್ಟೆ ದೊಡ್ಡದಿದ್ದರೆ ಕಾಲು ಅಗಲಿಸಿ ಕೂತರೆ ಹೊಟ್ಟೆಗೆ ಜಾಗ ಸಿಗುತ್ತದೆ, ಕುಂಡಿ ಕೆಳಗೆ ಜಮಖಾನ ಮಡಚಿ ಹಾಕಿದರೆ ಸೊಂಟ ತಾನೇ ಮುಂದಕ್ಕೆ ವಾಲುತ್ತದೆ, ಪಾದಕ್ಕೆ ಹಳೇ ಪಂಚೆ ಸುತ್ತಿ ಅದನ್ನು ಹಿಡಿದುಕೊಂಡರೆ ಕೈ ಸಾಕಾಗಲಿಲ್ಲ ಅನ್ನುವ ಸಂಕಟವೇ ಇಲ್ಲ. ನಿಮ್ಮ ಹುಡುಗಿಗೆ ಬೇಕಾಗಿದ್ದು ಈ ಮೂರು, ತೂಕದ ಮಾತಲ್ಲ. ಬೈಯುತ್ತಿಲ್ಲ ಅಕ್ಕಾ, ನಾನೂ ಹಿಂದೆ ಹೀಗೆಯೇ ಅಂದವನೇ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಬೆಲ್ಟ್ ಬದಲು ಪಂಚೆ, ಹಳೇ ಕಾಟನ್ ಸೀರೆ. ಮರದ ಇಟ್ಟಿಗೆ ಬದಲು ಹಳೇ ಟೆಲಿಫೋನ್ ಡೈರೆಕ್ಟರಿ ಎರಡನ್ನು ದಾರದಲ್ಲಿ ಬಿಗಿಯಾಗಿ ಕಟ್ಟಿ, ಯಾರ ಮನೆ ಅಟ್ಟದಲ್ಲಾದರೂ ಸಿಗುತ್ತೆ. ಕಿಟಕಿ ಸರಳು ಇದೆಯಲ್ಲ, ಅದಕ್ಕಿಂತ ಒಳ್ಳೆ ಆಧಾರ ಬೇಕಾ? ಆದರೆ ಕುರ್ಚಿ ವಿಷಯದಲ್ಲಿ ಹುಷಾರು. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ. ಕೆಳಗೆ ಮ್ಯಾಟ್ ಹಾಕಿ, ಹಿಂಬದಿ ಗೋಡೆಗೆ ತಾಗಿಸಿ. ಕೈಯಿಲ್ಲದ ಕುರ್ಚಿಯೇ ತನ್ನಿ. ಕೈ ಇರುವುದರಲ್ಲಿ ದಪ್ಪ ಇರುವವರು ಸಿಕ್ಕಿಹಾಕಿಕೊಳ್ಳುತ್ತಾರೆ, ಎದ್ದಾಗ ಕುರ್ಚಿಯೂ ಜೊತೆಗೇ ಏಳುತ್ತದೆ, ಆ ಅವಮಾನಕ್ಕೆ ಅವರು ಮತ್ತೆ ಬರುವುದಿಲ್ಲ.

ಹಳೇ ಮೈಸೂರಿಗ:

ಕ್ಷಮಿಸಿ, ಒಪ್ಪುವುದಿಲ್ಲ. ಕುರ್ಚಿ ಮೇಲೆ ಕೂತು ಕೈ ಆಡಿಸುವುದಕ್ಕೆ ವ್ಯಾಯಾಮ ಅನ್ನಿ, ಯಾಕೆ ಯೋಗ ಅನ್ನುತ್ತೀರಿ? ಆಸನಕ್ಕೆ ಒಂದು ರೂಪ ಇದೆ, ಒಂದು ಕ್ರಮ ಇದೆ. ಎಲ್ಲರಿಗೂ ಬರಲಿ ಅಂತ ಕರಗಿಸುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ? ಮೈಸೂರಿನಲ್ಲಿ ಕೂತು ಈ ಮಾತು ಕೇಳಬೇಕಾಯಿತಲ್ಲ. ಇನ್ನೊಂದು, ಕಾಯಿಲೆ ಇರುವವರಿಗೆ ಚಿಕಿತ್ಸೆ ಬೇರೆ, ಕ್ಲಾಸ್ ಬೇರೆ. ನಾಲ್ಕು ವರ್ಷದ ಅನುಭವದವರು ಎರಡನ್ನೂ ಬೆರೆಸಬಾರದು.

ಲಕ್ಷ್ಮೀಪುರಂ ಮೊಮ್ಮಗ:

@ಹಳೇ ಮೈಸೂರಿಗ ಸರ್, ಎರಡನೇ ಮಾತು ಒಪ್ಪಿದೆ. ಮೊದಲನೆಯದಕ್ಕೆ ಮೈಸೂರಿನ ಕಥೆಯೇ ಉತ್ತರ.

1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಕಲಿಸುತ್ತಿದ್ದುದು ಹೆಚ್ಚಾಗಿ ಚಿಕ್ಕ ಹುಡುಗರಿಗೆ. ಅದಕ್ಕೇ ಅಷ್ಟು ಹಾರಾಟ, ನೆಗೆತ. ಅವರದೇ ಬಾಮೈದ ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಹುಟ್ಟಿದವರು, ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿ ಮೈ ಒಣಗಿಸಿಕೊಂಡು ಮೈಸೂರಿಗೆ ಬಂದ ಹುಡುಗ. ಮುಂದೆ ಪುಣೆಯಲ್ಲಿ ಕುರ್ಚಿ, ಹಗ್ಗ, ಬೆಲ್ಟ್, ಮರದ ಇಟ್ಟಿಗೆ ಇವನ್ನೆಲ್ಲ ಯೋಗಕ್ಕೆ ತಂದವರು ಯಾರು? ಇವರೇ. ಗುರುಗಳೂ ಮದ್ರಾಸಿಗೆ ಹೋದ ಮೇಲೆ ಒಬ್ಬೊಬ್ಬರ ವಯಸ್ಸು, ಕಾಯಿಲೆ, ಕೆಲಸ ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಪಾಠ ಕೊಟ್ಟರು. ಅವರ ಮಗ ದೇಶಿಕಾಚಾರ್ ಜೀವಮಾನವಿಡೀ ಕಲಿಸಿದ್ದೂ ಅದನ್ನೇ. ಇನ್ನು ಇಂದ್ರಾದೇವಿ. ವಿದೇಶಿ ಹೆಂಗಸಿಗೆ ಹೇಳಿಕೊಡುವುದಿಲ್ಲ ಅಂತ ಕೃಷ್ಣಮಾಚಾರ್ಯರು ಮೊದಲು ಬಾಗಿಲು ಹಾಕಿದ್ದರು. ಮಹಾರಾಜರು ಹೇಳಿದ ಮೇಲೆ ತೆರೆಯಿತು. ಅವತ್ತೂ ಯಾರೋ ‘ಕರಗಿತು’ ಅಂದಿರಬಹುದು.

ಮತ್ತೆ ಟೀಚರ್ ಮೇಡಂಗೆ. ನಮ್ಮ ಗೋಕುಲಂಗೆ ಯೋಗ ಕಲಿಯಲು ವಿಮಾನ ಹತ್ತಿ ಬರುವವರು ‘ಮೈಸೂರು ಶೈಲಿ’ ಅನ್ನುತ್ತಾರಲ್ಲ, ಅದು ಏನು ಗೊತ್ತಲ್ಲ? ಎಣಿಕೆ ಹಾಕಿ ಎಲ್ಲರನ್ನೂ ಒಟ್ಟಿಗೆ ಕುಣಿಸುವುದಲ್ಲ. ಒಬ್ಬೊಬ್ಬರು ತಮಗೆ ಕೊಟ್ಟಷ್ಟನ್ನು ತಮ್ಮ ಉಸಿರಿನ ವೇಗಕ್ಕೆ ಮಾಡಿಕೊಳ್ಳುತ್ತಾರೆ, ಮೇಷ್ಟ್ರು ಮಧ್ಯೆ ಓಡಾಡುತ್ತಾರೆ. ಒಬ್ಬರು ಐದನೇ ಆಸನದಲ್ಲಿ, ಪಕ್ಕದವರು ಐವತ್ತರಲ್ಲಿ. ಯಾರ ಕ್ಲಾಸೂ ಸ್ಲೋ ಆಗುವುದಿಲ್ಲ. ನಿಮ್ಮ ಹಳಬರಿಗೆ ಪಾಠ ಬಾಯಿಪಾಠ ಆಗಿದೆಯಲ್ಲ, ವಾರಕ್ಕೆ ಮೂರು ದಿನ ಅವರನ್ನು ಅವರ ಪಾಡಿಗೆ ಬಿಡಿ. ನಿಮ್ಮ ಕೈ ಖಾಲಿಯಾಗುತ್ತದೆ.

(‘ಸ್ಥಿರಸುಖಮಾಸನಂ’, ಅಂದರೆ ಸ್ಥಿರವಾಗಿ ಸುಖವಾಗಿ ಇರುವುದೇ ಆಸನ ಅನ್ನುವ ಪತಂಜಲಿಯ ಮಾತು ಹೇಳಬೇಕು ಅನ್ನಿಸಿತು, ಎಲ್ಲರೂ ಹೇಳುತ್ತಾರೆ ಅಂತ ಬಿಟ್ಟೆ.)

ಹಳೇ ಮೈಸೂರಿಗ:

ಇತಿಹಾಸ ನನಗೂ ಗೊತ್ತು ಮಾರಾಯರೇ. ಅವರು ರೂಪ ಬದಲಿಸಿದ್ದು ಮೂಲ ಕರಗತವಾದ ಮೇಲೆ. ಇರಲಿ.

ಫಿಸಿಯೋ, ಸರಸ್ವತಿಪುರಂ:

ಜಗಳದ ಮಧ್ಯೆ ಯಾರೂ ಎಚ್ಚರಿಕೆ ಹೇಳಲಿಲ್ಲ, ನಾನು ಹೇಳುತ್ತೇನೆ. ಮೊದಲು ಎಲ್ಲರ ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿಸಿ.

ಮೇಷ್ಟ್ರ ವಿಷಯ ಎಲ್ಲಕ್ಕಿಂತ ಮುಖ್ಯ. ಗ್ಲಾಕೋಮಾದಲ್ಲಿ ತಲೆ ಕೆಳಗಾದರೆ ಕಣ್ಣಿನ ಒತ್ತಡ ನಿಮಿಷದೊಳಗೆ ಏರುತ್ತದೆ. ಶೀರ್ಷಾಸನ ಬೇಡ ಅಂತ ಎಲ್ಲರಿಗೂ ಗೊತ್ತು, ಆದರೆ ಕೈ ಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲೂ ಏರುತ್ತದೆ, ನಿಂತು ಮುಂದೆ ಬಗ್ಗಿದಾಗಲೂ ಏರುತ್ತದೆ. ಅಂದರೆ ನಿಮ್ಮ ಸೂರ್ಯನಮಸ್ಕಾರದಲ್ಲಿ ಪ್ರತಿ ಸುತ್ತಿಗೂ. ಅವರು ಗೋಡೆಗೆ ಕೈ ಊರಿ, ಸೊಂಟದ ಎತ್ತರಕ್ಕೆ ಮಾತ್ರ ಬಗ್ಗಿ, ತಲೆ ಬೆನ್ನಿನ ನೇರಕ್ಕೆ ಇಟ್ಟುಕೊಳ್ಳಲಿ. ಬಿಪಿ ಇರುವುದರಿಂದ ಉಸಿರು ಬಿಗಿಹಿಡಿಯುವುದು ಬೇಡ, ಜೋರಾಗಿ ಉಸಿರು ನೂಕುವ ಕಪಾಲಭಾತಿ, ಭಸ್ತ್ರಿಕಾ ಬೇಡ. ನಾಡಿಶೋಧನ (ಒಂದೊಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುವುದು) ನಿಧಾನವಾಗಿ, ಕುಂಭಕ ಅಂದರೆ ಉಸಿರು ತಡೆಯುವುದು ಇಲ್ಲದೆ.

ಹುಡುಗನ ಕುತ್ತಿಗೆ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಮಧ್ಯದ ಕಟ್ಟು ಸಡಿಲ ಇರುತ್ತದೆ. ಹಾಗಾಗಿ ಕುತ್ತಿಗೆ ಮೇಲೆ ಭಾರ ಬೀಳುವ ಸರ್ವಾಂಗಾಸನ, ಹಲಾಸನ, ಲಾಗ ಯಾವುದೂ ಬೇಡ. ನಡಿಗೆ ಬದಲಾದರೆ, ಕೈ ಕಾಲು ಶಕ್ತಿ ಕಡಿಮೆಯಾದರೆ, ಕುತ್ತಿಗೆ ವಾರೆಯಾದರೆ ತಕ್ಷಣ ಡಾಕ್ಟರಿಗೆ ತೋರಿಸಲು ಅವರಮ್ಮನಿಗೆ ಹೇಳಿ. ಇನ್ನೊಂದು, ಅವನ ಕೀಲುಗಳು ಬೇಕಾದ ಹಾಗೆ ಬಗ್ಗುತ್ತವೆ. ‘ಅಬ್ಬಾ, ಎಷ್ಟು ಚೆನ್ನಾಗಿ ಬಗ್ಗುತ್ತಾನೆ’ ಅಂತ ಚಪ್ಪಾಳೆ ಹೊಡೆಯಬೇಡಿ. ಅವನಿಗೆ ಬೇಕಾಗಿರುವುದು ಬಗ್ಗುವುದಲ್ಲ, ನಿಲ್ಲುವ ಬಲ. ತಾಡಾಸನ, ವೀರಭದ್ರಾಸನ ಮಾಡಿಸಿ.

ಮಂಡಿ ಬದಲಾಯಿಸಿದ ಅಮ್ಮನಿಗೆ ವಜ್ರಾಸನ, ಪದ್ಮಾಸನ ಒತ್ತಾಯ ಬೇಡ. ಆ ವಯಸ್ಸಿನಲ್ಲಿ ಮೂಳೆ ಸವೆದಿರುವುದು ಸಾಮಾನ್ಯ, ಬೆನ್ನು ಗೂನು ಮಾಡಿ ಬಗ್ಗಿಸಿದರೆ ಬೆನ್ನುಮೂಳೆಯೇ ಕುಸಿಯಬಹುದು. ಬಗ್ಗುವುದೆಲ್ಲ ಸೊಂಟದಿಂದ. ಪೋಲಿಯೋ ಆದವರನ್ನು ಸುಸ್ತಾಗುವ ತನಕ ಮಾಡಿಸಬೇಡಿ. ವರ್ಷಗಟ್ಟಲೆ ಜಾಸ್ತಿ ಕೆಲಸ ಮಾಡಿದ ಸ್ನಾಯುಗಳು ಅವು, ಅತಿಯಾದರೆ ಬಲ ಇನ್ನೂ ಇಳಿಯುತ್ತದೆ. ಶುಗರ್ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಒಂದು ಬಾಟಲಿ ಸಕ್ಕರೆ ನೀರು ಇಟ್ಟುಕೊಂಡಿರಿ.

ಮಂಡ್ಯ ಹೈದ:

ಸಕ್ಕರೆ ಬೇಕಾದರೆ ನಮ್ಮ ಕಡೆಯಿಂದಲೇ ಕಳಿಸುತ್ತೇನೆ ಡಾಕ್ಟ್ರೇ.

ಗಾಲಿ ಮೇಲೆ:

ನಾನು ಗಾಲಿಕುರ್ಚಿ ಬಳಸುವವಳು. ಹನ್ನೊಂದು ವರ್ಷದ ಹಿಂದೆ ಅಪಘಾತ, ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಮೇಲಿನ ಎಲ್ಲವನ್ನೂ ಓದಿದೆ. ಎಲ್ಲರೂ ನಮ್ಮ ಬಗ್ಗೆ ಮಾತಾಡಿದ್ದೀರಿ, ನಮ್ಮನ್ನು ಕೇಳಿ ಅಂತ ಒಬ್ಬರೂ ಹೇಳಲಿಲ್ಲ. ಆ ಪೋಲಿಯೋ ಆದವರಿಗೆ ಅವರ ಕಾಲು ನಲವತ್ತು ವರ್ಷದಿಂದ ಗೊತ್ತು ಮೇಡಂ. ಕ್ಯಾಲಿಪರ್ ಬಿಚ್ಚಿ ಮಾಡಬೇಕೋ ಹಾಕಿಕೊಂಡೋ, ಗೋಡೆ ಯಾವ ಬದಿಗಿರಬೇಕು, ಅವರೇ ಹೇಳುತ್ತಾರೆ. ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ಕೂತು ಕೇಳಿ. ಎಲ್ಲರ ಎದುರಿಗೆ ಮಾತ್ರ ಬೇಡ.

ನಾನು ಮೂರು ಕಡೆ ಕ್ಲಾಸ್ ಹುಡುಕಿದೆ. ಒಂದು ಕಡೆ ನಾಲ್ಕು ಮೆಟ್ಟಿಲು. ‘ಎತ್ಕೊಂಡು ಹೋಗ್ತೀವಿ ಬನ್ನಿ’ ಅಂದರು, ಪ್ರೀತಿಯಿಂದಲೇ, ಆದರೆ ದಿನಾ ಬೆಳಿಗ್ಗೆ ಎತ್ತಿಸಿಕೊಂಡು ಹೋಗಲು ನಾನೇನು ಉತ್ಸವ ಮೂರ್ತಿಯಾ? ಇನ್ನೊಂದು ಕಡೆ ರ‍್ಯಾಂಪ್ ಇತ್ತು, ಟಾಯ್ಲೆಟ್ ಬಾಗಿಲಿಗೆ ಕುರ್ಚಿ ಹಿಡಿಯುತ್ತಿರಲಿಲ್ಲ. ಮೂರನೇ ಕಡೆ ಎಲ್ಲ ಚೆನ್ನಾಗಿತ್ತು. ನಾನು ಕೈ ಎತ್ತಿದರೂ ಸಾಕು, ಇಡೀ ಕ್ಲಾಸಿಗೆ ‘ನೋಡಿ ಇವರಿಂದ ಕಲಿಯಿರಿ’ ಅನ್ನುತ್ತಿದ್ದರು. ಆ ಹೊಗಳಿಕೆ ತಡೆಯಲಾರದೆ ಬಿಟ್ಟೆ.

ಈಗ ಮನೆಯಲ್ಲೇ ಒಬ್ಬರ ಹತ್ತಿರ ಕಲಿಯುತ್ತಿದ್ದೇನೆ. ಅವರು ಮುಟ್ಟುವ ಮೊದಲು ಪ್ರತಿ ಸಲ ಕೇಳುತ್ತಾರೆ. ನನ್ನ ಕುರ್ಚಿಯನ್ನೂ ಕೇಳದೆ ಮುಟ್ಟುವುದಿಲ್ಲ. ಬ್ರೇಕ್ ಹಾಕಿದ್ದೀರಾ ಅಂತ ನೋಡುತ್ತಾರೆ. ನೆಲದ ಮೇಲೆ ಮಲಗಿದಾಗ ಹಿಮ್ಮಡಿ, ಬಾಲಮೂಳೆ ಕೆಳಗೆ ದಪ್ಪ ಬಟ್ಟೆ ಇಡುತ್ತಾರೆ, ಯಾಕೆಂದರೆ ನನಗೆ ಒತ್ತಿದ್ದು ಗೊತ್ತಾಗುವುದಿಲ್ಲ, ಹುಣ್ಣಾದರೆ ತಿಂಗಳುಗಟ್ಟಲೆ. (ಬೆನ್ನಿನಲ್ಲಿ ಇನ್ನೂ ಮೇಲೆ, ಎದೆಯ ಮಟ್ಟದಲ್ಲಿ ಪೆಟ್ಟಾದವರು ಬಂದರೆ, ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಬೆವರಿದರೆ ತಕ್ಷಣ ನೇರ ಕೂರಿಸಿ, ಮೂತ್ರದ ಚೀಲದ ಪೈಪ್ ಮಡಚಿದೆಯಾ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ. ಬಿಪಿ ಸರ‍್ರನೆ ಏರಿರುತ್ತದೆ.)

ಅಮೆರಿಕದ ಮ್ಯಾಥ್ಯೂ ಸ್ಯಾನ್‌ಫರ್ಡ್ ಅಂತ ಇದ್ದಾರೆ. 1978ರಲ್ಲಿ, 13ನೇ ವಯಸ್ಸಿನಲ್ಲಿ ಕಾರು ಅಪಘಾತ, ಎದೆಯಿಂದ ಕೆಳಗೆ ಚಲನೆ ಇಲ್ಲ. ಅವರು ಯೋಗದ ಮೇಷ್ಟ್ರು. ಕಲಿತದ್ದು ಅಯ್ಯಂಗಾರ್ ಪದ್ಧತಿ. ಅಂದರೆ ಮೈಸೂರಿನಿಂದ ಹೊರಟದ್ದು ಅಲ್ಲಿ ಗಾಲಿಕುರ್ಚಿಗೆ ಸಿಕ್ಕಿದೆ. ಇಲ್ಲಿ ನನಗೆ ಮೂರು ಕಡೆ ಸಿಗಲಿಲ್ಲ. @ಹಳೇ ಮೈಸೂರಿಗ ಅವರೇ, ನನ್ನ ಕಾಲನ್ನು ಕೈಯಿಂದ ಎತ್ತಿ ಇಟ್ಟು, ಬೆನ್ನು ನೇರ ಮಾಡಿ ಕೂತಾಗ ಉಸಿರು ಎಲ್ಲಿಯವರೆಗೆ ಹೋಗುತ್ತದೆ ಅಂತ ನನಗೆ ಗೊತ್ತು. ಅದನ್ನು ಏನು ಬೇಕಾದರೂ ಅನ್ನಿ.

ಹಳೇ ಮೈಸೂರಿಗ:

ನಮಸ್ಕಾರ ತಾಯಿ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಕುವೆಂಪುನಗರ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್, ತಡವಾಗಿ ಬರೆಯುತ್ತಿದ್ದೇನೆ. ಮೂರು ವಾರ ಆಯಿತು.

ಬೇರೆ ಬ್ಯಾಚ್ ಮಾಡಲಿಲ್ಲ. ಭವನದಲ್ಲಿ ಕೈಯಿಲ್ಲದ ಕಬ್ಬಿಣದ ಮಡಚುವ ಕುರ್ಚಿ ಇದ್ದವು, ಮದುವೆಯವರು ಬಿಟ್ಟು ಹೋದದ್ದಂತೆ. ಶುರುವಿಗೆ ಎಲ್ಲರನ್ನೂ ಕೂರಿಸಿದೆ. ಹಳಬರಲ್ಲಿ ಇಬ್ಬರು ಮುಖ ಊದಿಸಿಕೊಂಡರು, ಒಬ್ಬರು ಬಿಟ್ಟೇ ಹೋದರು. ಉಳಿದವರಲ್ಲಿ ಇನ್ನಿಬ್ಬರು ಆಮೇಲೆ ಬಂದು ತಮಗೂ ಮಂಡಿ ನೋವಿದೆ, ಇಷ್ಟು ದಿನ ಹೇಳಿರಲಿಲ್ಲ ಅಂದರು! ಮಂಗಳವಾರ, ಗುರುವಾರ, ಶನಿವಾರ ಅವರವರ ಪಾಡಿಗೆ ಮಾಡಿಸುತ್ತಿದ್ದೇನೆ. ಮೊದಲ ದಿನ ಸಂತೆ ಆಗಿತ್ತು, ಈಗ ಪರವಾಗಿಲ್ಲ. ಪೋಲಿಯೋ ಆದವರನ್ನು ಕೇಳಿದೆ. ಕ್ಯಾಲಿಪರ್ ಹಾಕಿಕೊಂಡೇ, ಗೋಡೆ ಬಲಗಡೆಗೆ ಅಂದರು. ನಾನು ಎಡಗಡೆ ಅಂದುಕೊಂಡಿದ್ದೆ. ಹುಡುಗ ಶವಾಸನದಲ್ಲಿ ನಿದ್ದೆ ಹೋಗುತ್ತಾನೆ, ಎಬ್ಬಿಸುವುದೇ ಒಂದು ಕೆಲಸ.

ಆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಸುಮ್ಮನೆ ಕೇಳಿಸಿಕೊಂಡಳು, ‘ನೋಡೋಣ ಮೇಡಂ’ ಅಂತ ಇಟ್ಟಳು. ಮ್ಯಾಟ್ ಒಗೆದು ಸುತ್ತಿಟ್ಟಿದ್ದೇನೆ. ನಿನ್ನೆ ರಾತ್ರಿ ಅವಳಿಂದ ಒಂದು ಮೆಸೇಜ್ ಬಂತು. ‘ಕುರ್ಚಿಗೆ ಕೈ ಇರಲ್ಲ ಅಲ್ವಾ?’