ಊಟಿ ಉಗಿ ರೈಲಲ್ಲಿ ಫೋಟೋ ತೆಗೀಬೇಕು, ಹೋಗಿ ಬಂದವರು ಸ್ವಲ್ಪ ಹೇಳಿ

ಎಲ್ರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದವನು. ಜನವರಿ ಕೊನೇ ವಾರ ಅಪ್ಪನ್ನ ಕರ್ಕೊಂಡು ಮೆಟ್ಟುಪಾಳ್ಯಂನಿಂದ ಊಟಿಗೆ ಉಗಿ ರೈಲಲ್ಲಿ ಹೋಗೋಣ ಅಂತಿದೀನಿ. ಅಪ್ಪ ಹುಡುಗರಾಗಿದ್ದಾಗ ನಮ್ಮೂರಿಂದ ಚಿಂತಾಮಣಿ, ಕೋಲಾರದ ಕಡೆ ಹೋಗ್ತಿದ್ದ ನ್ಯಾರೋ ಗೇಜ್ ಚಿಕ್ಕ ರೈಲಲ್ಲೇ ಓಡಾಡಿದವರು, ಈಗಲೂ ಉಗಿ ಇಂಜಿನ್ ಮಾತು ಬಂದ್ರೆ ಊಟ ಮರೆತು ಕೂತ್ಕೋತಾರೆ. ನನಗೆ ಫೋಟೋ ಹುಚ್ಚು. ಕ್ಯಾಮೆರಾ ಜೊತೆ ಹತ್ರದ್ದಕ್ಕೆ 18-55 ಒಂದು, ದೂರದ್ದಕ್ಕೆ 55-250 ಒಂದು, ಎರಡು ಲೆನ್ಸ್ ಇದೆ. ಯಾವ ಬೋಗಿ, ಯಾವ ಕಡೆ ಕಿಟಕಿ, ಒಂದು ದಿನ ಸಾಕಾ ಎರಡು ದಿನ ಬೇಕಾ? ಅಪ್ಪನಿಗೆ ಮಂಡಿ ನೋವಿದೆ, ಅದೂ ನೋಡ್ಕೋಬೇಕು.

ಶಿಡ್ಲಘಟ್ಟದಿಂದ:
ತಮ್ಮಾ, ಮದುವೆ ಫೋಟೋ ತೆಗೆಯೋದು ನನ್ನ ಕಸುಬು, ಈ ರೈಲಿಗೆ ಮೂರು ಸಲ ಹೋಗಿದೀನಿ. ಮೊದಲು ಒಂದು ವಿಷಯ ತಲೇಲಿಟ್ಕೊ, ನೀನು ಕೂತಿರೋ ರೈಲಿನ ಫೋಟೋ ನಿನಗೆ ಸಿಗಲ್ಲ. ಕಿಟಕಿಯಿಂದ ಸಿಗೋದು ಕಾಡು, ಕಣಿವೆ, ತಿರುವಲ್ಲಿ ಒಂದಿಷ್ಟು ಬೋಗಿ, ಅಷ್ಟೇ. ಇಂಜಿನ್ ಹೊಗೆ ಉಗುಳ್ಕೊಂಡು ಎದುರಿಗೆ ಬರೋ ಫೋಟೋ ಬೇಕು ಅಂದ್ರೆ ನೀನು ಕೆಳಗಿರಬೇಕು. ಅದಕ್ಕೇ ಎರಡು ದಿನ ಇಟ್ಕೊ, ಒಂದು ದಿನ ಕೂತು ಹೋಗೋಕೆ, ಇನ್ನೊಂದು ದಿನ ನಿಂತು ತೆಗೆಯೋಕೆ. ನಾನು ಮೊದಲ ಸಲ ಒಂದೇ ದಿನಕ್ಕೆ ಹೋಗಿ ನಾನೂರು ಫೋಟೋ ತಂದೆ, ಅದ್ರಲ್ಲಿ ಇಂಜಿನ್ ಪೂರ್ತಿ ಕಾಣೋದು ಆರೋ ಏಳೋ, ಮನೆಗೆ ಬಂದು ನೋಡಿ ತುಂಬಾ ಬೇಜಾರಾಯ್ತು.

ಎರಡನೇದು ಬೋಗಿ. ರೈಲು ಬೆಟ್ಟ ಹತ್ತುವಾಗ ಇಂಜಿನ್ ಮುಂದೆ ಇರಲ್ಲ, ಹಿಂದಿನಿಂದ ಬೋಗಿಗಳನ್ನ ತಳ್ಳುತ್ತೆ. ಫಸ್ಟ್ ಕ್ಲಾಸ್ ಮುಂದಿನ ತುದೀಲಿರುತ್ತೆ, ಎದುರಿನ ಗಾಜಲ್ಲಿ ದಾರಿ ಚೆನ್ನಾಗಿ ಕಾಣುತ್ತೆ ನಿಜ ಆದ್ರೆ ಇಂಜಿನ್ನಿಗೆ ಬಲು ದೂರ. ನಿನಗೆ ಇಂಜಿನ್ ಬೇಕಲ್ವಾ, ಸೆಕೆಂಡ್ ಕ್ಲಾಸ್ ತಗೊಂಡು ಆದಷ್ಟು ಹಿಂದಿನ ಬೋಗಿ ಸಿಗುತ್ತಾ ನೋಡು. ನನಗೆ ಎರಡು ಸಲ ಎಡಗಡೆ ಕಿಟಕಿ ಸಿಕ್ಕಿತ್ತು, ದಾರೀಲಿ ಸಿಗೋ ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಕೂನೂರಿನವರೆಗೂ ಕಣಿವೆ ಜಾಸ್ತಿ ಹೊತ್ತು ಆ ಕಡೆಗೇ ಇತ್ತು. ಪ್ರತಿ ಬೋಗಿ ಮುಂದೆನೂ ಒಬ್ಬ ಬ್ರೇಕ್ಸ್‌ಮನ್ ಇರ್ತಾರೆ, ಬಾವುಟ ತೋರಿಸಿ ಹಿಂದಿರೋ ಡ್ರೈವರಿಗೆ ಸನ್ನೆ ಕೊಡ್ತಾರೆ. ಕೇಳಿ ತೆಗಿ, ಅವರ ಕೈ ಮತ್ತು ಬಾವುಟ ಇರೋ ಒಂದು ಫೋಟೋ ನನ್ನ ಸ್ಟುಡಿಯೋ ಗೋಡೆ ಮೇಲೆ ಇವತ್ತಿಗೂ ಇದೆ.

ಸೆಟ್ಟಿಂಗ್ ವಿಷಯ. ಮದುವೇಲಿ ಬಿಳಿ ಪಂಚೆ, ಬಿಳಿ ಶರ್ಟು ಹಾಕಿರೋ ಮದುಮಗ ಇದ್ದಾಗ ಆಟೋದಲ್ಲಿ ಬಿಟ್ರೆ ಪಂಚೆ ಬೂದುಬಣ್ಣ ಆಗೋದು ನೋಡಿರ್ತೀಯ, ಉಗಿನೂ ಹಂಗೇ. ಫ್ರೇಮ್ ತುಂಬಾ ಬಿಳಿ ಉಗಿ ಬಂದ್ರೆ ಕ್ಯಾಮೆರಾ ಎಲ್ಲಾನೂ ಕಪ್ಪು ಮಾಡುತ್ತೆ, ಇಂಜಿನ್ನಿನ ಕಪ್ಪೇ ತುಂಬಿದ್ರೆ ಉಗಿ ಸುಟ್ಟು ಬಿಳಿ ಹಾಳೆ ಆಗುತ್ತೆ. ಅದಕ್ಕೆ ಮ್ಯಾನುವಲ್‌ಗೆ ಹಾಕ್ಕೊ, ಉಗಿ ಸುಡದಂಗೆ ಎಕ್ಸ್‌ಪೋಷರ್ ಇಟ್ಕೊ, ರಾ ಫೈಲಲ್ಲಿ ತೆಗಿ, ಕಪ್ಪಲ್ಲಿ ಅಡಗಿರೋ ವಿವರ ಆಮೇಲೆ ಎತ್ಕೋಬಹುದು, ಸುಟ್ಟ ಬಿಳುಪು ಮಾತ್ರ ವಾಪಸ್ ಬರಲ್ಲ. ಬೆಳಕು ಉಗಿಯ ಹಿಂದುಗಡೆಯಿಂದ ಬರಲಿ, ಹೋಮದ ಹೊಗೆ ಕಿಟಕಿ ಬೆಳಕಿಗೆ ಎದ್ದು ಕಾಣಲ್ವಾ, ಅದೇ ತರ. ಹಲ್ಲಿನ ಹಳಿ (ಜಾರದಂಗೆ ಇಂಜಿನ್ ಕಚ್ಕೊಂಡು ಹತ್ತೋಕೆ ಹಳಿ ಮಧ್ಯೆ ಹಾಕಿರೋ ಹಲ್ಲಿನ ಪಟ್ಟಿ) ಇರೋ ಕಡೆ ರೈಲು ಗಂಟೆಗೆ ಹದಿಮೂರು ಕಿಲೋಮೀಟರ್ ದಾಟಲ್ಲ, ಸೈಕಲ್ ಹೋದಂಗೆ, ಆದ್ರೆ ಬೋಗಿ ನಡುಗ್ತಾ ಇರುತ್ತೆ, ಶಟರ್ ಸ್ಪೀಡ್ 1/500 ಇಟ್ರೆ ಸೇಫ್. ದಾರೀಲಿ 16 ಸುರಂಗ ಇವೆ, ಒಂದರೊಳಗಿಂದ ಹೊರಗೆ ಬರೋ ಆ ಒಂದು ಸೆಕೆಂಡಿಗೆ ಹೊರಗಿನ ಬೆಳಕಿಗೇ ಸೆಟ್ ಮಾಡಿಟ್ಟಿರು, ಸುರಂಗದ ಬಾಯಿ ತಾನಾಗೇ ಚೌಕಟ್ಟು ಆಗುತ್ತೆ.

ದಾರಿ ಮಧ್ಯೆ ಲೆನ್ಸ್ ಬದಲಾಯಿಸಬೇಡ, ಮಸಿ ಒಳಗೆ ಹೋದ್ರೆ ಸೆನ್ಸರ್ ಮೇಲೆ ಚುಕ್ಕೆ. ಬೋಗೀಲಿ 18-55 ಸಾಕು, ಮೇಲೆ ಒಂದು ಯುವಿ ಫಿಲ್ಟರ್ ಹಾಕ್ಕೊ. ಮತ್ತೆ ಕೈ ತಲೆ ಹೊರಗೆ ಹಾಕಬೇಡ ತಮ್ಮಾ, ಕೆಲವು ಕಡೆ ಬಂಡೆ ಕಿಟಕಿಗೆ ತಾಗೋಷ್ಟು ಹತ್ರ.

ಚಿಂತಾಮಣಿಯಿಂದ:
ಮೇಷ್ಟ್ರ ಕೆಲಸ ನಂದು, ರಜೆ ಸಿಕ್ಕಿದಾಗ ಮಕ್ಕಳ ಜೊತೆ ಹೋಗಿದ್ದೆ, ಟಿಕೆಟ್ ಬಗ್ಗೆ ಹೇಳ್ತೀನಿ. ಬೆಳಿಗ್ಗೆ 7.10ಕ್ಕೆ ಮೆಟ್ಟುಪಾಳ್ಯಂ ಬಿಡೋ ರೈಲಿಗೇ ಬುಕ್ ಮಾಡಿ. ಊಟಿ-ಕೂನೂರು ಮಧ್ಯೆ ಮಾತ್ರ ಓಡೋ ರೈಲುಗಳೂ ಇವೆ, ಅವಕ್ಕೆ ಟಿಕೆಟ್ ಸುಲಭ ಅಂತ ಜನ ತಗೋತಾರೆ, ಹತ್ತಿದ ಮೇಲೆ ನೋಡಿದ್ರೆ ಡೀಸೆಲ್ ಇಂಜಿನ್. ನಿಮ್ಮ ರೈಲಿಗೂ ಕೂನೂರಲ್ಲಿ ಉಗಿ ಇಂಜಿನ್ ಬಿಚ್ಚಿ ಡೀಸೆಲ್ ಹಾಕ್ತಾರೆ, ಯಾಕಂದ್ರೆ ಹಲ್ಲಿನ ಹಳಿ ಇರೋದು ಕಲ್ಲಾರ್‌ನಿಂದ ಕೂನೂರಿನವರೆಗೆ ಮಾತ್ರ. ಹಂಗಾಗಿ ಫೋಟೋ ಕೆಲಸ ಪೂರ್ತಿ ಕೂನೂರಿನ ಒಳಗೇ ಮುಗಿಸಿಕೊಳ್ಳಿ. ಐಆರ್‌ಸಿಟಿಸಿಯಲ್ಲಿ ಬುಕಿಂಗ್ ಓಪನ್ ಆದ ದಿನಾನೇ ಕೂತ್ಕೊಳ್ಳಿ, ಬೇಗ ಖಾಲಿ ಆಗುತ್ತೆ. ಜನವರಿ ಆರಿಸಿದ್ದು ಒಳ್ಳೇದಾಯ್ತು, ಅಕ್ಟೋಬರಿಂದ ಡಿಸೆಂಬರ್ ಮಳೇಲಿ ಗುಡ್ಡ ಕುಸಿದು ಈ ರೈಲು ಎಷ್ಟೋ ಸಲ ಕ್ಯಾನ್ಸಲ್ ಆಗುತ್ತೆ.

ತಂದೆಯವರಿಗೆ ಮಂಡಿ ನೋವಂತೀರಿ, ಬೆಂಗಳೂರಿಂದ ರಾತ್ರಿ ರೈಲಲ್ಲಿ ಹೋಗಿ ಅದೇ ಬೆಳಿಗ್ಗೆ ಇದನ್ನ ಹತ್ತೋದು ಬೇಡ. ಹಿಂದಿನ ದಿನವೇ ಹೋಗಿ ಮೆಟ್ಟುಪಾಳ್ಯಂನಲ್ಲಿ ಮಲಗಿ. ಹತ್ತಿದ ಮೇಲೆ ಊಟಿಗೆ ಸುಮಾರು ಐದು ಗಂಟೆ, ಬೋಗೀಲಿ ಕಾಲು ಚಾಚೋಕೆ ಜಾಗ ಕಮ್ಮಿ. ಮಧ್ಯೆ ಹಿಲ್‌ಗ್ರೋವ್ ಸ್ಟೇಷನ್ನಲ್ಲಿ ಇಂಜಿನ್ ನೀರು ಕುಡಿಯುತ್ತೆ, ಅಲ್ಲಿ ಇಳಿದು ಕಾಲು ಸಡಿಲ ಮಾಡ್ಕೊಳ್ಳಿ, ನಿಮಗೂ ಇಂಜಿನ್ ಹತ್ರದಿಂದ ತೆಗೆಯೋಕೆ ಅದೇ ಒಳ್ಳೇ ಜಾಗ. ಕೋತಿ ಜಾಸ್ತಿ, ಬ್ಯಾಗ್ ಜಿಪ್ ಹಾಕಿ.

ಕೋಲಾರದಿಂದ:
ನಾನು ರಿಟೈರ್ ಆದವನು, ಕ್ಯಾಮೆರಾ ಬಗ್ಗೆ ಅಷ್ಟು ಗೊತ್ತಿಲ್ಲ, ಇಂಜಿನ್ ಬಗ್ಗೆ ಆಸೆ. ಬಂಗಾರಪೇಟೆ-ಕೋಲಾರ ಚಿಕ್ಕ ರೈಲು 1913ರಲ್ಲಿ ಶುರುವಾಗಿದ್ದು, ಹಳಿ ಅಗಲ ಎರಡೂವರೆ ಅಡಿ. ಊಟೀದು ಮೀಟರ್ ಗೇಜ್, ಅದಕ್ಕಿಂತ ಅಗಲ. ನಿಮ್ಮ ತಂದೆಯವರಿಗೆ ಅದನ್ನ ಹೇಳಿ. ಆ ಇಂಜಿನ್ನಿನ ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೇದು, ನಾಲ್ಕು ಸಿಲಿಂಡರ್ ಇದೆ. ಎರಡು ಸಿಲಿಂಡರ್ ಚಕ್ರಗಳನ್ನ ತಿರುಗಿಸುತ್ತೆ, ಇನ್ನೆರಡು ಸಿಲಿಂಡರ್ ಹಳಿ ಮಧ್ಯೆ ಇರೋ ಹಲ್ಲಿಗೆ ಕಚ್ಚೋ ಗಾಲಿ ತಿರುಗಿಸುತ್ತೆ. ಚಕ್ರದ ಸಿಲಿಂಡರಲ್ಲಿ ಕೆಲಸ ಮಾಡಿದ ಉಗೀನೇ ಹಲ್ಲುಗಾಲಿ ಸಿಲಿಂಡರಿಗೆ ಹೋಗಿ ಇನ್ನೊಂದು ಸಲ ದುಡಿಯುತ್ತೆ. ಹನ್ನೆರಡು ಅಡಿ ಮುಂದೆ ಹೋದ್ರೆ ಹತ್ರ ಹತ್ರ ಒಂದಡಿ ಏರೋ ದಾರಿ ಅದು, ಬರೀ ಚಕ್ರಾನ ನಂಬಿದ್ರೆ ಜಾರುತ್ತೆ. ಕಲ್ಲಾರ್ ದಾಟಿ ಹಲ್ಲು ಕಚ್ಚಿದ ಕೂಡಲೇ ಶಬ್ದವೇ ಬೇರೆ ಆಗುತ್ತೆ, ಫೋನಲ್ಲಿ ಅದನ್ನ ರೆಕಾರ್ಡ್ ಮಾಡ್ಕೊಳ್ಳಿ, ಕಲ್ಲಾರ್‌ಗಿಂತ ಮುಂಚೆ ಐದು ನಿಮಿಷ, ಆಮೇಲೆ ಐದು ನಿಮಿಷ.

ನಮ್ಮ ಅಣ್ಣ ಕೋಲಾರ ಸ್ಟೇಷನ್ನಿಂದ ಚಿಕ್ಕ ರೈಲಲ್ಲಿ ಕಾಲೇಜಿಗೆ ಹೋಗ್ತಿದ್ದ, ಆ ರೈಲು ಹೋಯ್ತು, ಅಣ್ಣನೂ ಹೋದ, ಅವನು ಆ ಕಿಟಕೀಲಿ ಕೂತಿರೋ ಒಂದು ಫೋಟೋ ನಮ್ಮ ಮನೇಲಿಲ್ಲ. ಶಬ್ದ ಬದಲಾಗೋ ಆ ಹೊತ್ತಿಗೆ ಕ್ಯಾಮೆರಾ ತಂದೆಯವರ ಕಡೆ ತಿರುಗಿಸಿ.

ಚಿಕ್ಕಬಳ್ಳಾಪುರದಿಂದ (ಕೇಳಿದವನು):
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕೋಲಾರದ ಸಾರ್, ನೀವು ಬರೆದಿದ್ದನ್ನ ಅಪ್ಪನಿಗೆ ಓದಿ ಹೇಳಿದೆ, ಎರಡೂವರೆ ಅಡಿ ಅಂದ ತಕ್ಷಣ ಕೈ ಅಗಲಿಸಿ ಇಷ್ಟೇ ಇತ್ತು ಅಂತ ತೋರಿಸಿದ್ರು. ಶಿಡ್ಲಘಟ್ಟದಣ್ಣ, ಎರಡನೇ ದಿನ ಎಲ್ಲಿ ನಿಲ್ಲಲಿ? ರೋಡಲ್ಲಿ ಬೈಕ್ ಬಾಡಿಗೆ ತಗೊಂಡು ರೈಲು ಹಿಂದೆ ಹೋಗಬಹುದಾ?

ಶಿಡ್ಲಘಟ್ಟದಿಂದ:
ಬೇಡ, ಬರ್ಲಿಯಾರ್ ಘಾಟಿ ರೋಡಿಂದ ರೈಲು ಬಹಳ ಕಡೆ ಕಾಣೋದೇ ಇಲ್ಲ, ತಿರುವು ಜಾಸ್ತಿ, ನೀನು ರೋಡ್ ನೋಡೋದು ಬಿಟ್ಟು ಬೆಟ್ಟ ನೋಡ್ತೀಯ. ಹಳಿ ಮೇಲೆ ನಡೆದು ಹೋಗೋ ಯೋಚನೆನೂ ಬೇಡ, ಅದು ಅಪರಾಧ, ಜೊತೆಗೆ ಆನೆ ಓಡಾಡೋ ಕಾಡು. ಮೊದಲನೇ ದಿನ ಮೆಟ್ಟುಪಾಳ್ಯಂ ಪ್ಲಾಟ್‌ಫಾರಂಗೆ ಆರು ಗಂಟೆಗೇ ಹೋಗು, ಜನವರೀಲಿ ಅಲ್ಲಿ ಸೂರ್ಯ ಹುಟ್ಟೋದೇ ಆರು ಮುಕ್ಕಾಲರ ಹತ್ರ, ನೀಲಿ ಬೆಳಕಲ್ಲಿ ಇಂಜಿನ್ ತಯಾರಾಗ್ತಾ ಇರುತ್ತೆ. ಆ ರಾತ್ರಿ ಊಟೀಲಿ ಉಳಿಯೋ ಬದಲು ಕೂನೂರಿಗೆ ವಾಪಸ್ ಬಂದು ಉಳ್ಕೊ. ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಕೂನೂರು ಸ್ಟೇಷನ್ನಲ್ಲಿ ಇರು, ರೈಲು ಹತ್ಕೊಂಡು ಬರೋದು, ಇಂಜಿನ್ ಬಿಚ್ಚೋದು, ಎಲ್ಲಾ ಒಂದೇ ಕಡೆ, 55-250 ಕೆಲಸಕ್ಕೆ ಬರೋದು ಅಲ್ಲೇ. ಅಪ್ಪನೂ ಬೆಂಚ್ ಮೇಲೆ ಕೂತು ನೋಡಬಹುದು. ಸಂಜೆ ಇಳಿಯೋ ರೈಲನ್ನ ನಂಬ್ಕೋಬೇಡ, ಇಳಿಯುವಾಗ ಇಂಜಿನ್ ಕಷ್ಟಪಡಲ್ಲ, ಉಗಿ ಕಮ್ಮಿ.

ಪ್ಯಾನಿಂಗ್ (ಓಡೋ ರೈಲಿನ ಜೊತೆ ಕ್ಯಾಮೆರಾ ತಿರುಗಿಸ್ತಾ ತೆಗೆಯೋದು) ಮಾಡಿ ಅಭ್ಯಾಸ ಇದೆಯಾ? ಇಲ್ಲಾಂದ್ರೆ ಈ ಭಾನುವಾರ ನಂದಿ ಹಾಲ್ಟ್ ಸ್ಟೇಷನ್ ಹತ್ರ ಬಾ, ಬೆಂಗಳೂರು ರೈಲು ಬರೋ ಹೊತ್ತಿಗೆ ನಾನೂ ಇರ್ತೀನಿ, 1/30ರಿಂದ ಶುರು ಮಾಡೋಣ. ಅಪ್ಪನ್ನೂ ಕರ್ಕೊಂಡು ಬಾ, ಚಿಕ್ಕ ರೈಲಿನ ಕಾಲದ ಸ್ಟೇಷನ್ ಅದು.