ಪದಚರ್ಚೆ: ವೆರಿಕೋಸ್ ವೇನ್‌ಗೆ ಬಿಸಿ ಕೊಟ್ಟು ಮುಚ್ಚುವ ಚಿಕಿತ್ಸೆಯನ್ನು ಕನ್ನಡದಲ್ಲಿ ಏನನ್ನೋಣ?

ಕೇಳಿಕೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ರೋಗಿಗಳ ಕೈಗೆ ಕೊಡುವ ನಾಲ್ಕು ಪುಟದ ಮಾಹಿತಿ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕಾಲಿನ ವೆರಿಕೋಸ್ ವೇನ್ಸ್ (ಉಬ್ಬಿದ ರಕ್ತನಾಳಗಳು) ಮತ್ತು ಸ್ಪೈಡರ್ ವೇನ್ಸ್ (ಚರ್ಮದಲ್ಲಿ ಜೇಡದ ಹಾಗೆ ಹರಡಿದ ಸಣ್ಣ ರಕ್ತನಾಳಗಳು) ಕುರಿತ ಹಾಳೆ ಅದು. ಚಿಕಿತ್ಸೆಯ ಹೆಸರು ಎಂಡೋವೀನಸ್ ಥರ್ಮಲ್ ಅಬ್ಲೇಶನ್. ಸೂಜಿ ತೂತಿನಿಂದ ಸಣ್ಣ ಕೊಳವೆ ತೂರಿಸಿ, ಒಳಗಿನಿಂದಲೇ ಬಿಸಿ ಕೊಟ್ಟು, ಉಬ್ಬಿದ ನಾಳವನ್ನು ಮುಚ್ಚಿಬಿಡುತ್ತಾರೆ.

ನನ್ನ ಕೈಗೆ ಬಂದ ಕರಡಿನಲ್ಲಿ ತಲೆಬರಹ ಹೀಗಿದೆ: 'ಕನಿಷ್ಠ ಆಕ್ರಮಣಕಾರಿ ಅಂತಃಸಿರಾ ಉಷ್ಣ ಕ್ಷಯೀಕರಣ'. ಇದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಅವರ ಎಡಗಾಲಿನ ಮೀನಖಂಡದ ಮೇಲೆ ನೀಲಿ ಹಗ್ಗ ಸುತ್ತಿದ ಹಾಗೆ ಉಬ್ಬಿದೆ. ಸಂಜೆ ಆದರೆ ಕಾಲು ಭಾರ ಅನ್ನುತ್ತಾರೆ. "ಯಾರಮ್ಮ ಆಕ್ರಮಣ ಮಾಡೋದು? ಕ್ಷಯ ಬೇರೆ ಬರುತ್ತಾ?" ಅಂತ ಕೇಳಿ, ಚಾಚಿಕೊಂಡಿದ್ದ ಕಾಲನ್ನು ಒಳಗೆ ಎಳೆದುಕೊಂಡರು. ಈ ಹಾಳೆ ಅವರಂಥವರಿಗೇ ಅಲ್ವಾ?

ಬೇಕಾಗಿರುವುದು ಮೂರು. ವೇನ್‌ಗೆ ಒಂದು ಪದ. ಸ್ಪೈಡರ್ ವೇನ್‌ಗೆ ಒಂದು. ಚಿಕಿತ್ಸೆಗೆ ಒಂದು ಹೆಸರು. ಶಾಲೆಯ ಪುಸ್ತಕದ 'ಅಭಿಧಮನಿ' ಗೊತ್ತಿದೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಗೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರವನ್ನು ನಂಬಿ ರೋಗಿಗೆ ಬರೆಯಲು ನನಗೆ ಧೈರ್ಯವಿಲ್ಲ.

ಉತ್ತರ 1

ವೆರಿಕೋಸ್ ವೇನ್ಸ್ ಅಂತಲೇ ಬರೆಯಿರಿ. ಲೇಸರ್ ಚಿಕಿತ್ಸೆ ಅನ್ನಿ. ಎಲ್ಲರಿಗೂ ಗೊತ್ತು. ಗೊತ್ತಿರುವ ಪದವನ್ನು ಬಿಟ್ಟು ಹೊಸದು ಹುಡುಕುವುದು ಸುಮ್ನೆ ಕೆಲಸ.

ಉತ್ತರ 2

ಮೇಡಂ, 'ನರ' ಇರುವಾಗ ಬೇರೇನೂ ಬೇಡ. ಸಿರೆ, ಧಮನಿ, ನಾಡಿ ಎಲ್ಲವೂ ಸಂಸ್ಕೃತದಿಂದ ಬಂದವು. ನರ ನಮ್ಮ ಮನೆಯದು. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟಿದವು. ಮನುಷ್ಯ ಅನ್ನುವ ಅರ್ಥದ ಸಂಸ್ಕೃತದ ನರನಿಗೂ ಇದಕ್ಕೂ ಸಂಬಂಧವೇ ಇಲ್ಲ. ಕೈಯ ಮೇಲೆ ನೀಲಿಯಾಗಿ ಕಾಣುವುದನ್ನು ಜನ ಏನನ್ನುತ್ತಾರೆ? ನರ. ಕಾಲಿನಲ್ಲಿ ಉಬ್ಬಿದರೆ? ನರ ಉಬ್ಬಿದೆ, ನರ ಗಂಟು ಕಟ್ಟಿದೆ ಅನ್ನುತ್ತಾರೆ. ಹಾಗಾಗಿ 'ಉಬ್ಬುನರ'. ಚಿಕಿತ್ಸೆಗೆ 'ಉಬ್ಬುನರ ಬೆಸುಗೆ'. ಬಿಸಿಯಿಂದ ಎರಡು ಗೋಡೆ ಅಂಟಿಕೊಳ್ಳುವುದಕ್ಕೆ ಬೆಸುಗೆಗಿಂತ ಒಳ್ಳೆ ಪದ ಬೇಕೇ? ಅಡುಗೆ, ಉಡುಗೆ, ತೊಡುಗೆ ಇದ್ದ ಹಾಗೆ ಅಚ್ಚುಕಟ್ಟಾದ ಪದ.

ಒಂದನೇ ಉತ್ತರ ಕೊಟ್ಟವರಿಗೆ: ಎಲ್ಲರಿಗೂ ಗೊತ್ತು ಅನ್ನುವುದು ನಿಮಗೆ ಗೊತ್ತು, ಅಷ್ಟೇ.

ಉತ್ತರ 3

ನಾನು ಈ ಚಿಕಿತ್ಸೆ ನಡೆಯುವ ಕೋಣೆಯಲ್ಲಿ ಅಲ್ಟ್ರಾಸೌಂಡ್ ಹಿಡಿಯುವವನು. ಒಳಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಪದ ಆಮೇಲೆ ನೋಡೋಣ.

ಕಾಲಿನ ರಕ್ತ ಮೇಲೆ ಹೃದಯಕ್ಕೆ ಹತ್ತಬೇಕು. ಹತ್ತಿದ್ದು ಕೆಳಗೆ ಜಾರದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರುತ್ತದೆ, ಕೆಳಗೆ ನಿಲ್ಲುತ್ತದೆ, ನಾಳ ಹಿಗ್ಗುತ್ತದೆ. ಚರ್ಮದ ಮೇಲೆ ಕಾಣುವುದು ಅದರ ಕೊನೆಯ ಫಲ. ಮೂಲ ಹೆಚ್ಚಾಗಿ ತೊಡೆಯ ಒಳಬದಿಯಲ್ಲಿ ಹೋಗುವ ದೊಡ್ಡ ಸಫೀನಸ್ ನಾಳದಲ್ಲಿ ಇರುತ್ತದೆ. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ಪರದೆ ನೋಡುತ್ತಾ ಕೊಳವೆಯನ್ನು ಮೇಲಕ್ಕೆ ದೂಡುತ್ತೇವೆ. ತೊಡೆಸಂದಿಯಲ್ಲಿ ಸಫೀನಸ್ ನಾಳ ಒಳಗಿನ ದೊಡ್ಡ ನಾಳವನ್ನು ಸೇರುವ ಜಾಗಕ್ಕೆ ಸುಮಾರು 2 ಸೆಂಟಿಮೀಟರ್ ಇರುವಾಗ ನಿಲ್ಲಿಸುತ್ತೇವೆ. ನಾಳದ ಸುತ್ತಲೂ ಅರಿವಳಿಕೆ ಬೆರೆಸಿದ ತಣ್ಣನೆಯ ಉಪ್ಪುನೀರನ್ನು ತುಂಬುತ್ತೇವೆ. ಅದು ಮೂರು ಕೆಲಸ ಮಾಡುತ್ತದೆ. ನೋವು ತಡೆಯುತ್ತದೆ. ನಾಳವನ್ನು ಕೊಳವೆಗೆ ಒತ್ತಿ ಹಿಡಿಯುತ್ತದೆ. ಬಿಸಿ ಹೊರಗೆ ಹರಡದಂತೆ ನೋಡಿಕೊಳ್ಳುತ್ತದೆ. ಆಮೇಲೆ ಬಿಸಿ. ಈಗ ಹೆಚ್ಚು ಬಳಕೆಯಲ್ಲಿರುವ ರೇಡಿಯೋ ಅಲೆಯ ಕೊಳವೆ 7 ಸೆಂಟಿಮೀಟರ್ ಉದ್ದದ ತುಂಡನ್ನು 20 ಸೆಕೆಂಡು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಅಷ್ಟು ಹಿಂದಕ್ಕೆ ಎಳೆದು ಮತ್ತೆ ಅದೇ. ಲೇಸರ್ ಆದರೆ ನಿಧಾನವಾಗಿ ಎಳೆಯುತ್ತಾ ಬರುತ್ತೇವೆ. ಗೋಡೆ ಮುದುಡಿ ನಾಳ ಮುಚ್ಚಿಕೊಳ್ಳುತ್ತದೆ. ರಕ್ತ ಬೇರೆ ಸರಿಯಾದ ನಾಳಗಳ ದಾರಿ ಹಿಡಿಯುತ್ತದೆ. ರೋಗಿ ಅವತ್ತೇ ನಡೆದುಕೊಂಡು ಹೋಗುತ್ತಾರೆ.

ಈಗ ಪದ. ಎರಡನೇ ಉತ್ತರದವರೇ, ನಿಮ್ಮ 'ನರ' ಇಲ್ಲಿ ಅಪಾಯದ ಪದ. ಮೀನಖಂಡದ ಹಿಂದೆ ಹೋಗುವ ಚಿಕ್ಕ ಸಫೀನಸ್ ನಾಳದ ಪಕ್ಕದಲ್ಲೇ ಸೂರಲ್ ಅನ್ನುವ ನರ್ವ್ ಇದೆ. ವೈದ್ಯರು ನರ ಅನ್ನುವುದು ಈ ನರ್ವ್‌ಗೇ, ರಕ್ತನಾಳಕ್ಕಲ್ಲ. ಅದಕ್ಕೆ ಬಿಸಿ ತಾಗಿದರೆ ಜೋಮು ಹಿಡಿಯುತ್ತದೆ. ಇದನ್ನು ಹಾಳೆಯಲ್ಲಿ ಬರೆಯಲೇಬೇಕು. ನಿಮ್ಮ ಪದ ಹಾಕಿ ಬರೆದು ನೋಡಿ: 'ನರವನ್ನು ಮುಚ್ಚುವಾಗ ನರಕ್ಕೆ ಬಿಸಿ ತಾಗಿ ತೊಂದರೆಯಾಗಬಹುದು.' ಓದಿದವರು ಏನಂದುಕೊಳ್ಳಬೇಕು? ನರ ಉಬ್ಬಿದೆ ಅಂತ ನರರೋಗದ ಡಾಕ್ಟರ ಬಾಗಿಲಲ್ಲಿ ಅರ್ಧ ದಿನ ಕಾದು, ಆಮೇಲೆ ನಮ್ಮ ಕಡೆ ಬಂದವರನ್ನು ನಾನೇ ನೋಡಿದ್ದೇನೆ.

ಬೆಸುಗೆಯೂ ಬೇಡ. ಬೆಸುಗೆ ಅಂದರೆ ಸೋರುವ ಪೈಪನ್ನು ಸರಿಮಾಡಿ ಮತ್ತೆ ನೀರು ಬಿಡುವ ಕೆಲಸ ನೆನಪಾಗುತ್ತದೆ. ಇಲ್ಲಿ ಪೈಪನ್ನೇ ಮುಚ್ಚುತ್ತೇವೆ.

ಉತ್ತರ 4

ಸೋದರರೇ, ಇಬ್ಬರೂ 'ಸೆರೆ'ಯನ್ನು ಮರೆತಿರಿ! ನನಗೆ ಇದು ತುಂಬ ಪ್ರೀತಿಯ ಪದ. ಸಂಸ್ಕೃತದ ಸಿರಾ ಕನ್ನಡಕ್ಕೆ ಬಂದು, ಮಾಲಾ ಮಾಲೆಯಾದ ಹಾಗೆ ಸಿರೆ ಆಯಿತು, ಬಾಯಲ್ಲಿ ಉರುಳಿ ಸೆರೆ ಆಯಿತು. ಬರೀ ನಿಘಂಟಿನಲ್ಲಿ ಕೂತ ಪದವಲ್ಲ. ಅಳು ಒತ್ತರಿಸಿ ಬಂದಾಗ 'ಗಂಟಲ ಸೆರೆ ಉಬ್ಬಿ ಬಂತು' ಅನ್ನುತ್ತೇವೆ. ಸೆರೆಯೂ ಇದೆ, ಉಬ್ಬುವುದೂ ಇದೆ. 'ಉಬ್ಬುಸೆರೆ'ಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಎಲ್ಲಿ ಸಿಗುತ್ತದೆ?

ಅಬ್ಲೇಶನ್ ಬಗ್ಗೆಯೂ ಒಂದು ಮಾತು. ಲ್ಯಾಟಿನ್ ಬೇರಿನಲ್ಲಿ ಅದು 'ಹೊತ್ತೊಯ್ಯುವುದು'. ಅದನ್ನು ಹಿಡಿದುಕೊಂಡು 'ಛೇದನ', 'ನಿವಾರಣೆ' ಅಂತ ಬರೆಯುವವರಿದ್ದಾರೆ. ಇಲ್ಲಿ ಯಾವುದನ್ನೂ ಹೊತ್ತೊಯ್ಯುವುದಿಲ್ಲ. ನಾಳವನ್ನು ಎಳೆದು ತೆಗೆಯುತ್ತಿದ್ದುದು ಹಳೆಯ ಆಪರೇಷನ್. ಈಗ ಅದು ಇದ್ದಲ್ಲೇ ಮುಚ್ಚಿ, ಸುಕ್ಕಿ, ಬರುಬರುತ್ತಾ ನಾರಿನ ಎಳೆಯಾಗಿ ಉಳಿಯುತ್ತದೆ. ಅದಕ್ಕೇ ನನ್ನ ಸಲಹೆ 'ಬತ್ತಿಸು'. 'ಉಬ್ಬುಸೆರೆ ಬತ್ತಿಸುವುದು'. ಇನ್ನು 'ಕ್ಷಯೀಕರಣ' ಬರೆದವರು ಕನ್ನಡದ ಕಿವಿ ಇಟ್ಟುಕೊಂಡಿರಲಿಲ್ಲ. ಕ್ಷಯ ಅಂದರೆ ಜನಕ್ಕೆ ಒಂದೇ ಅರ್ಥ, ಟಿಬಿ.

ಉತ್ತರ 2ರವರಿಂದ ಮತ್ತೆ

ಸೆರೆ ಅಂದರೆ ಬಂಧನ. ಉತ್ತರ ಕರ್ನಾಟಕದ ಕಡೆ ಸೆರೆ ಅಂದರೆ ಹೆಂಡ. 'ಸೆರೆ ಬತ್ತಿತು' ಅಂದರೆ ಅಲ್ಲಿ ಬೇರೆಯೇ ಅರ್ಥ. ಒಪ್ಪುವುದಿಲ್ಲ. ಅದೂ ಅಲ್ಲದೆ ಸಾಲದ ಪದವನ್ನು ನಮ್ಮದು ಅನ್ನುವುದು ಸರಿಯಲ್ಲ.

ಉತ್ತರ 1ರವರಿಂದ ಮತ್ತೆ

ಹಾಗಿದ್ದರೆ ಸಿರೆಯೂ ಸಾಲ, ವೇನೂ ಸಾಲ. ಒಂದು ಸಾಲ ಮಡಿ, ಇನ್ನೊಂದು ಮೈಲಿಗೆ ಯಾಕೆ? ಆಸ್ಪತ್ರೆ ಎಲ್ಲಿಂದ ಬಂತು ಹೇಳಿ. ಹೊರಗಿನಿಂದಲೇ ಬಂತು, ಬಾಲಕ್ಕೆ ಎಕಾರ ಹಚ್ಚಿಕೊಂಡು ಮನೆಯವನಾಯಿತು. 'ವೇನು, ವೇನಿಗೆ, ವೇನಲ್ಲಿ' ಅಂತ ವಿಭಕ್ತಿ ಹತ್ತುತ್ತದೆ. ಇನ್ನೇನು ಬೇಕು?

ಉತ್ತರ 4ರವರಿಂದ ಮತ್ತೆ

ವಿಭಕ್ತಿ ಯಾವ ಪದಕ್ಕೂ ಹತ್ತುತ್ತದೆ. ಅದು ಕನ್ನಡದ ಗುಣ, ವೇನಿನದಲ್ಲ. ಪ್ರಶ್ನೆ ಇರುವುದು ಓದುವವರು ಪದದ ಒಳಗೆ ಏನಾದರೂ ಕಾಣುತ್ತಾರಾ ಅನ್ನುವುದರಲ್ಲಿ. 'ಅರಿವಳಿಕೆ' ನೋಡಿ. ಅರಿವು ಅಳಿಯುವುದು. ಕೇಳಿದ ಕೂಡಲೇ ತಿಳಿಯುತ್ತದೆ. ಅದಕ್ಕೇ ಅದು ನಿಂತಿತು. ಮೇಲೆ ಅಲ್ಟ್ರಾಸೌಂಡ್ ಹಿಡಿಯುವ ಸೋದರರು ಎರಡನೇ ಯೋಚನೆ ಇಲ್ಲದೆ ಆ ಪದ ಬಳಸಿದರು. ಅನಸ್ತೀಸಿಯಾ ಅಂತ ಬರೆಯಲಿಲ್ಲ. ಇಂಥದ್ದೊಂದನ್ನು ಮಾಡಲು ಆಗುತ್ತದೆ ಅನ್ನುವ ನಂಬಿಕೆ ಇಲ್ಲದವರು ಪದಚರ್ಚೆಗೆ ಯಾಕೆ ಬರಬೇಕು?

ಉತ್ತರ 5

ಜಗಳ ಸಾಕು. ಹಾಳೆ ನಾಳೆ ಸಂಜೆಗೆ ಬೇಕು.

ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲೂ ಎಡವಬಹುದು. 'ಶಾಖ ಚಿಕಿತ್ಸೆ' ಬರೆಯಬೇಡಿ ಅಕ್ಕ. ಶಾಖ ಕೊಡುವುದು ಅಂದರೆ ಬಿಸಿನೀರಿನ ಚೀಲ ಇಡುವುದು. ರೋಗಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಅಂದುಕೊಳ್ಳಬಹುದು. 'ಕಾವು' ಮೊಟ್ಟೆಗೆ ಹೋಗುತ್ತದೆ. 'ಸುಡುವುದು' ಅಂದರೆ ಬರೆ ಹಾಕಿದ ಹಾಗೆ ಕೇಳುತ್ತದೆ, ಹೆದರಿಕೆ ಹುಟ್ಟಿಸುತ್ತದೆ. 'ಬಿಸಿ ಮುಟ್ಟಿಸುವುದು' ಗದರಿಸುವುದಕ್ಕೆ ಮೀಸಲು. ಉಳಿದದ್ದು ಬರೀ 'ಬಿಸಿ'. 'ಬಿಸಿಯಿಂದ ಮುಚ್ಚುವುದು' ಅಂದರೆ ಸಾಕು. 'ಬತ್ತಿಸು' ಚೆನ್ನಾಗಿದೆ, ಆದರೆ ಬತ್ತುವುದು ಕೆರೆ, ಬಾವಿ, ಹಾಲು. ಕಾಲು ಬತ್ತಿಹೋಗುತ್ತದೆ ಅಂತ ಓದಿಕೊಂಡರೆ ಕಷ್ಟ.

ಕನಿಷ್ಠ ಆಕ್ರಮಣಕಾರಿಯನ್ನು ಪೂರ್ತಿ ಕಿತ್ತುಹಾಕಿ. ರೋಗಿಗೆ ಬೇಕಾದ ಸುದ್ದಿ ಒಂದೇ: ಕೊಯ್ಯುವುದಿಲ್ಲ, ಸೂಜಿ ತೂತು ಮಾತ್ರ.

ಸ್ಪೈಡರ್ ವೇನ್: 'ಜೇಡರಬಲೆ ಸಿರೆ' ಅನ್ನುವುದನ್ನು ನೋಡಿದ್ದೇನೆ. ನನಗೆ 'ಜೇಡಸಿರೆ' ಇಷ್ಟ. ನಡುವಿನಿಂದ ಕಾಲು ಚಾಚಿದ ಹಾಗೆ ಕೆಂಪು ಎಳೆಗಳು ಹರಡಿರುತ್ತವೆ, ಅದು ಜೇಡವೇ. ಸೆರೆಯನ್ನು ಇಲ್ಲಿ ಖಂಡಿತ ಬಳಸಬೇಡಿ. 'ಬಲೆಸೆರೆ' ಅಂದರೆ ಬಲೆಗೆ ಬಿದ್ದು ಸೆರೆಯಾದ ಹಾಗೆ.

ಉತ್ತರ 3ರವರಿಂದ ಮತ್ತೆ

ಜೇಡಸಿರೆ ಒಪ್ಪಿಗೆ. ಒಂದು ತಿದ್ದುಪಡಿ ಮಾತ್ರ ಬೇಕೇ ಬೇಕು. ಮೂಲ ಹಾಳೆ ಎರಡಕ್ಕೂ ಒಂದೇ ಚಿಕಿತ್ಸೆ ಅನ್ನುವಂತೆ ಬರೆದಿದ್ದರೆ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಜೇಡಸಿರೆ 1 ಮಿಲಿಮೀಟರಿಗಿಂತ ಸಣ್ಣದು. ಅದರೊಳಗೆ ನಮ್ಮ ಕೊಳವೆ ಹೋಗುವುದೇ ಇಲ್ಲ. ಉಬ್ಬಿದ ಸಿರೆ ಅನ್ನುವುದು 3 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ. ಜೇಡಸಿರೆಗೆ ಸಾಮಾನ್ಯವಾಗಿ ಸಣ್ಣ ಸೂಜಿಯಿಂದ ಔಷಧಿ ಚುಚ್ಚುತ್ತಾರೆ, ಇಲ್ಲವೇ ಚರ್ಮದ ಮೇಲಿನಿಂದ ಲೇಸರ್ ಬಿಡುತ್ತಾರೆ. ಬಿಸಿ ಎರಡು ಕಡೆಯೂ ಇರಬಹುದು, ದಾರಿ ಬೇರೆ.

'ಲೇಸರ್ ಚಿಕಿತ್ಸೆ' ಅನ್ನುವ ಹೆಸರು ಅದಕ್ಕೇ ಸಾಲದು. ರೇಡಿಯೋ ಅಲೆಯ ವಿಧಾನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಲೇಸರ್‌ಗೆ 2002ರಲ್ಲಿ. ಎರಡೂ ನಡೆಯುತ್ತಿವೆ. ಹೆಸರು ಎರಡನ್ನೂ ಹಿಡಿಯಬೇಕು.

ಕೇಳಿದವರಿಂದ

ಎಲ್ಲರಿಗೂ ಮನಸಾರೆ ವಂದನೆ. ಬೆಳಿಗ್ಗೆ ಕೂತು ಪೂರ್ತಿ ತಿದ್ದಿದೆ.

ವೇನ್‌ಗೆ 'ಸಿರೆ' ಇಟ್ಟೆ. ನಾಲ್ಕನೇ ಉತ್ತರ ಕೊಟ್ಟ ಸರ್, ಸೆರೆ ನನಗೂ ತುಂಬ ಹಿಡಿಸಿತು. ಆದರೆ ಅತ್ತೆ 'ಉಬ್ಬುಸೆರೆ' ಕೇಳಿ ಜೈಲಿನ ಮಾತಾ ಅಂದರು. 'ಸಿರೆ' ಅವರಿಗೆ ಹೊಸದಾಗಿ ಕೇಳಿಸಿತು, ತಪ್ಪಾಗಿ ಕೇಳಿಸಲಿಲ್ಲ. ನನಗೆ ಅಷ್ಟು ಸಾಕಾಯಿತು. ಮೊದಲ ಸಲ ಬರುವಾಗ 'ಸಿರೆ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ' ಅಂತ ಬಿಡಿಸಿ ಹೇಳಿದ್ದೇನೆ. 'ಜನ ಇದನ್ನು ನರ ಉಬ್ಬಿದೆ ಅನ್ನುತ್ತಾರೆ, ಇದು ನರವಲ್ಲ' ಅನ್ನುವ ಸಾಲೂ ಪಕ್ಕದಲ್ಲೇ ಇದೆ. ಎರಡನೇ ಉತ್ತರದ ಸರ್, ನರವನ್ನು ನಾನು ಬಿಟ್ಟಿಲ್ಲ, ಅದರ ಜಾಗದಲ್ಲಿ ಇಟ್ಟಿದ್ದೇನೆ. ವೆರಿಕೋಸ್ ವೇನ್ಸ್ ಅನ್ನುವುದೂ ಒಂದು ಕಡೆ ಇದೆ. ಡಾಕ್ಟರ ಚೀಟಿಯಲ್ಲಿ ಅದೇ ಇರುತ್ತದಲ್ಲ.

ತಲೆಬರಹ: 'ಉಬ್ಬಿದ ಸಿರೆಯನ್ನು ಬಿಸಿಯಿಂದ ಮುಚ್ಚುವ ಚಿಕಿತ್ಸೆ'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಕೊಯ್ಯುವುದಿಲ್ಲ. ಸೂಜಿ ತೂತು ಮಾತ್ರ.' ಜೇಡಸಿರೆಗೆ ಬೇರೆಯೇ ಪ್ಯಾರಾ ಮಾಡಿದೆ.

ಎಚ್ಚರಿಕೆಯ ಸಾಲು ಈಗ ಹೀಗಿದೆ: 'ಸಿರೆಯನ್ನು ಮುಚ್ಚುವಾಗ ಪಕ್ಕದ ನರಕ್ಕೆ ಬಿಸಿ ತಾಗಿದರೆ ಅಲ್ಲಿ ಜೋಮು ಹಿಡಿದಂತೆ ಅನ್ನಿಸಬಹುದು.' ಓದಿ ಹೇಳಿದೆ. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. "ಮುಚ್ಚಿದ ಮೇಲೆ ರಕ್ತ ಎಲ್ಲಿಂದ ಹೋಗುತ್ತೆ?" ಅಂತ ಕೇಳಿದರು. ಆ ಪ್ರಶ್ನೆಯನ್ನೇ ಮೂರನೇ ಪುಟದ ಉಪತಲೆಬರಹ ಮಾಡಿದ್ದೇನೆ.

ಇನ್ನೊಂದೇ ಒಂದು ಉಳಿದಿದೆ. ಚಿಕಿತ್ಸೆ ಆದ ಮೇಲೆ ಹಾಕಿಕೊಳ್ಳುವ ಕಂಪ್ರೆಶನ್ ಸ್ಟಾಕಿಂಗ್‌ಗೆ 'ಬಿಗಿ ಕಾಲುಚೀಲ' ಅಂತ ಬರೆದಿದ್ದೇನೆ. ಅಳತೆ ಸಾಲದೆ ಬಿಗಿಯಾದದ್ದು ಅನ್ನುವ ಅರ್ಥ ಬರುತ್ತದಾ? ನಾಲ್ಕು ಗಂಟೆಯೊಳಗೆ ಹೇಳಿದರೆ ಬದಲಾಯಿಸಬಹುದು.