ಪದಚರ್ಚೆ: ‘ಐಚ್ಛಿಕ ವಿಷಯ’ ಎಂದರೆ ಬಿಡಬಹುದಾದದ್ದೋ, ಆರಿಸಲೇಬೇಕಾದದ್ದೋ?

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) ಹತ್ತನೇ ತರಗತಿ ಕಟ್ಟುವವರಿಗೆ ಕನ್ನಡದಲ್ಲಿ ನಿಯಮ ವಿವರಿಸಲು ಹೊರಟರೆ ಕೆಲವು ಪದಗಳು ತೊಡಕು ಮಾಡುತ್ತವೆ. ಅರ್ಜಿ ತುಂಬುವವರಿಗೆ ಒಂದು ಪದ ತಪ್ಪಾಗಿ ತಿಳಿದರೂ ಒಂದು ವರ್ಷ ಹೋಗುತ್ತದೆ. ಹಾಗಾಗಿ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲು ‘ಐಚ್ಛಿಕ’. ಬಿ.ಎ.ಯಲ್ಲಿ ‘ಐಚ್ಛಿಕ ಕನ್ನಡ’ ಎಂದಾಗ ಅದು ಆರಿಸಿಕೊಂಡು ಆಳವಾಗಿ ಓದುವ ಕನ್ನಡ. ಅದೇ ‘ಹಾಜರಾತಿ ಐಚ್ಛಿಕ’ ಎಂದರೆ ಬಂದರೂ ಸರಿ, ಬಾರದಿದ್ದರೂ ಸರಿ. ಎನ್‌ಐಒಎಸ್ ನಿಯಮದಲ್ಲಿ ಈ ಎರಡೂ ಬಗೆ ಅಕ್ಕಪಕ್ಕದಲ್ಲೇ ಬರುತ್ತವೆ. ಪ್ರಮಾಣಪತ್ರಕ್ಕೆ ಐದು ವಿಷಯ ಪಾಸಾಗಬೇಕು. ಅವುಗಳಲ್ಲಿ ಒಂದು ಭಾಷೆ ಇರಲೇಬೇಕು, ಎರಡಕ್ಕಿಂತ ಹೆಚ್ಚು ಭಾಷೆ ಸಲ್ಲದು. ಒಂದೇ ಭಾಷೆ ತೆಗೆದುಕೊಂಡವರು ಉಳಿದ ವಿಷಯಗಳ ಪಟ್ಟಿಯಿಂದ ನಾಲ್ಕನ್ನು, ಎರಡು ಭಾಷೆ ತೆಗೆದುಕೊಂಡವರು ಮೂರನ್ನು ಆರಿಸಬೇಕು. ಇಲ್ಲಿ ಯಾವುದು ಎನ್ನುವುದಷ್ಟೇ ನಮ್ಮ ಇಚ್ಛೆ, ಎಷ್ಟು ಎನ್ನುವುದಲ್ಲ. ಇದರ ಮೇಲೆ ಇನ್ನೂ ಎರಡು ವಿಷಯ ಸೇರಿಸಿಕೊಂಡು ಒಟ್ಟು ಏಳರವರೆಗೆ ಹೋಗಬಹುದು. ಇವು ನಿಜಕ್ಕೂ ಬೇಕಿದ್ದರೆ ಮಾತ್ರ.

ಎರಡಕ್ಕೂ ‘ಐಚ್ಛಿಕ’ ಎಂದೇ ಬರೆದರೆ, ಗಣಿತವನ್ನು ಬಿಟ್ಟವರು ಅದರ ಜಾಗಕ್ಕೆ ಬೇರೊಂದನ್ನು ತುಂಬಬೇಕು ಎಂಬುದು ಹೊಳೆಯುವುದೇ ಇಲ್ಲ. ಮೊದಲಿನದಕ್ಕೆ ‘ಆಯ್ಕೆ ವಿಷಯ’, ಎರಡನೆಯದಕ್ಕೆ ‘ಹೆಚ್ಚುವರಿ ವಿಷಯ’ ಎಂದು ಗಟ್ಟಿಯಾಗಿ ಬೇರ್ಪಡಿಸಿ, ‘ಐಚ್ಛಿಕ’ವನ್ನು ಈ ಸಂದರ್ಭದಲ್ಲಿ ಪೂರ್ತಿ ಕೈಬಿಡುವುದೇ ಒಳ್ಳೆಯದೆಂದು ನನ್ನ ನಿಲುವು. (ಗಣಿತ ಬಿಡುವ ಅವಕಾಶ ಇದೆಯೆಂದು ಬಿಟ್ಟವರಿಗೆ ಮುಂದೆ ಪಿಯುಸಿಯಲ್ಲಿ ಗಣಿತವಿರುವ ಕಾಂಬಿನೇಷನ್ ಕಷ್ಟ. ಪದ ಯಾವುದೇ ಇರಲಿ, ಇದನ್ನು ಅಲ್ಲೇ ಒಂದು ಸಾಲಿನಲ್ಲಿ ಹೇಳಬೇಕು.)

ಎರಡನೆಯದು ‘ಕ್ರೆಡಿಟ್ ವರ್ಗಾವಣೆ’. ಮಾನ್ಯತೆ ಪಡೆದ ಬೇರೆ ಮಂಡಳಿಯಲ್ಲಿ ಫೇಲಾದವರು, ಅಲ್ಲಿ ಪಾಸಾಗಿದ್ದ ಎರಡು ವಿಷಯಗಳವರೆಗಿನ ಅಂಕಗಳನ್ನು ಎನ್‌ಐಒಎಸ್‌ಗೆ ತರಬಹುದು. ಉಳಿದ ಮೂರನ್ನು ಬರೆದರೆ ಸಾಕು. ಆದರೆ ಶಾಲೆಯ ಮಟ್ಟಿಗೆ ‘ವರ್ಗಾವಣೆ’ ಎಂದರೆ ಕನ್ನಡಿಗರ ಕಿವಿಗೆ ಕೇಳಿಸುವುದು ಟಿ.ಸಿ., ಅಂದರೆ ವರ್ಗಾವಣೆ ಪತ್ರ. ಇಲ್ಲಿ ಬೇಕಾದದ್ದು ಹಳೆಯ ಅಂಕಪಟ್ಟಿ. ‘ಅಂಕ ಮುಂದುವರಿಕೆ’ ಎಂದರೆ ಹೇಗೆ? ‘ಕ್ರೆಡಿಟ್’ ಎನ್ನುವುದೂ ಸಾಲದ ಕಡೆ ವಾಲುತ್ತದೆ.

ಇನ್ನು ಎನ್‌ಐಒಎಸ್ ಕೊಡುವ ಅಂಕಪಟ್ಟಿಯ ಫಲಿತಾಂಶದ ಕಾಲಂ ನೋಡಿ. ಅಲ್ಲಿ ‘ಫೇಲ್’ ಎನ್ನುವ ಬದಲು ಎಸ್‌ವೈಸಿ ಎಂಬ ಸಂಕೇತ ಇರುತ್ತದೆ, ಇನ್ನೂ ಪಾಸು ಮಾಡಿಕೊಳ್ಳಬೇಕಿದೆ ಎಂಬ ಅರ್ಥದಲ್ಲಿ. ಬರವಣಿಗೆ ಮಾತ್ರ ಉಳಿದಿದ್ದರೆ ಎಸ್‌ವೈಸಿಟಿ, ಪ್ರಾಯೋಗಿಕ ಮಾತ್ರ ಉಳಿದಿದ್ದರೆ ಎಸ್‌ವೈಸಿಪಿ. ಎರಡರಲ್ಲೂ ಬೇರೆಬೇರೆಯಾಗಿ ಶೇ. 33 ಬೇಕಾದ್ದರಿಂದ ಈ ವಿಂಗಡಣೆ. ಇದನ್ನು ‘ಅನುತ್ತೀರ್ಣ’ ಎಂದು ಬರೆದರೆ ಇಡೀ ವ್ಯವಸ್ಥೆಯ ಆಶಯವೇ ಕೆಡುತ್ತದೆ. ನೋಂದಣಿ ಐದು ವರ್ಷ ಊರ್ಜಿತ, ಅಷ್ಟರಲ್ಲಿ ಒಂಬತ್ತು ಅವಕಾಶ, ಪಾಸಾದ ವಿಷಯ ಪಾಸಾದದ್ದೇ. ಒಂದೊಂದಾಗಿ ಕೂಡಿಸಿಕೊಂಡು ಐದಾದಾಗ ಪ್ರಮಾಣಪತ್ರ. ಆದ್ದರಿಂದ ‘ಬಾಕಿ’, ‘ಬರವಣಿಗೆ ಬಾಕಿ’, ‘ಪ್ರಾಯೋಗಿಕ ಬಾಕಿ’ ಎಂದೇ ಇರಲಿ. ಮಕ್ಕಳು ಆಡುವ ಮಾತೂ ಅದೇ: ‘ಎರಡು ಸಬ್ಜೆಕ್ಟ್ ಬಾಕಿ ಇದೆ.’

ಇದೇ ಕಾರಣಕ್ಕೆ ಅಕ್ಟೋಬರ್-ನವೆಂಬರ್ ಪರೀಕ್ಷೆಯನ್ನು ‘ಪೂರಕ ಪರೀಕ್ಷೆ’ ಎನ್ನಬಾರದು. ಅದು ಏಪ್ರಿಲ್-ಮೇ ಪರೀಕ್ಷೆಗೆ ಸರಿಸಮಾನ, ಮೊದಲ ಸಲ ಬರೆಯುವವರೂ ಅಲ್ಲಿ ಕೂರುತ್ತಾರೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲೂ 2024ರಲ್ಲಿ ಪರೀಕ್ಷೆ-1, 2, 3 ಬಂದ ಮೇಲೆ ‘ಪೂರಕ’ ಹಿಂದೆ ಸರಿದಿದೆ.

ಈ ಎರಡು ಪರೀಕ್ಷೆಗಳಿಗೆ ಕಾಯದೆ, ಅಭ್ಯರ್ಥಿಯೇ ಕೇಳಿಕೊಂಡು ಬರೆಯುವ ಎನ್‌ಐಒಎಸ್‌ನ ‘ಆನ್ ಡಿಮಾಂಡ್’ ಪರೀಕ್ಷೆಗೆ ‘ಬೇಡಿಕೆ ಆಧಾರಿತ ಪರೀಕ್ಷೆ’ ಬೇಡ, ‘ಕೋರಿಕೆ ಪರೀಕ್ಷೆ’ ಸಾಕು.

ಕೊನೆಯದು ಸಿಬಿಎಸ್‌ಇಯದು. ಹತ್ತನೇ ತರಗತಿಗೆ 2020ರಿಂದ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಎಂಬ ಎರಡು ಬಗೆ. ಬೇಸಿಕ್ ಅನ್ನು ‘ಮೂಲ ಗಣಿತ’ ಎಂದವರಿದ್ದಾರೆ. ‘ಮೂಲ ಅಂಕಪಟ್ಟಿ’ಯಂತೆ ಅದೇ ಅಸಲಿ ಎಂಬ ಭಾವನೆ ಬರುವುದು ಒಂದು ತೊಂದರೆ. ಪಠ್ಯವೇ ಬೇರೆ ಎನ್ನಿಸುವುದು ಇನ್ನೂ ದೊಡ್ಡ ತೊಂದರೆ. ಪಠ್ಯಕ್ರಮ ಎರಡಕ್ಕೂ ಒಂದೇ, ಬೇರೆಯಾಗುವುದು ಪ್ರಶ್ನೆಪತ್ರಿಕೆಯ ಕಠಿಣತೆ ಮಾತ್ರ. ‘ಸರಳ ಪತ್ರಿಕೆ’ ಎಂದರೆ ವಿಷಯ ಸ್ಪಷ್ಟವಾಗುತ್ತದೆ, ಆದರೆ ಅದನ್ನು ಆರಿಸಿದ ಮಗುವನ್ನು ಹೀಗಳೆದಂತೆ ಆದೀತೇ ಎಂಬ ಅನುಮಾನ. ಅದಕ್ಕಿಂತ ಮೆದುವಾದ, ಆದರೂ ಪಠ್ಯವನ್ನಲ್ಲ ಪತ್ರಿಕೆಯನ್ನೇ ಸೂಚಿಸುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ.